ತಂತಿ ಹೋಯಿತು, ಕಡ್ಡಿ ಬಂತು



1978ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಇಲಾಖೆಯ ಹೆಸರು ಅಂಚೆ ಮತ್ತು ತಂತಿ ಇಲಾಖೆ. ಹೆಸರಿನಲ್ಲೇ ತಂತಿ. ಆ ತಂತಿಯ ಅನ್ನ ಉಂಡು ನಿವೃತ್ತನಾದವನು ಇವತ್ತು ತಂತಿಯಿಲ್ಲದ ಹೆಡ್‌ಸೆಟ್ ಬಗ್ಗೆ ಮಾತಾಡಲು ಬಂದಿದ್ದೇನೆ. ಅದೂ ಹಾಡು ಕೇಳುವ ಹೆಡ್‌ಸೆಟ್ ಅಲ್ಲ, ಮಕ್ಕಳು ಟಿವಿಗೆ ಕನ್ಸೋಲ್ ಜೋಡಿಸಿಕೊಂಡು ಆಡುವ ವಿಡಿಯೊ ಗೇಮಿನದು. ಈ ವಿಷಯದಲ್ಲಿ ನನ್ನ ಮುಖ್ಯ ಅರ್ಹತೆ ಏನೆಂದರೆ, ದುಡ್ಡು ಕೊಟ್ಟು ತಪ್ಪು ಹೆಡ್‌ಸೆಟ್ ತಂದವನು ನಾನು.

ಹೋದ ದೀಪಾವಳಿಯ ಮಾತು. ಮೊಮ್ಮಗನಿಗೆ ಏನಾದರೂ ಕೊಡಿಸಬೇಕಿತ್ತು. ಅವನ ಹತ್ತಿರ ಪ್ಲೇಸ್ಟೇಷನ್ 5 ಇದೆ. "ಒಂದು ಹೆಡ್‌ಸೆಟ್ ಇದ್ರೆ ಚೆನ್ನಾಗಿರುತ್ತೆ ತಾತ" ಅಂದಿದ್ದ. ನಾನು ಅಂಗಡಿಗೆ ಹೋಗಿ, "ಗೇಮ್ ಆಡೋ ಹೆಡ್‌ಸೆಟ್ ಕೊಡಪ್ಪ, ವೈರ್ ಇರಬಾರದು" ಎಂದೆ. ಅಂಗಡಿಯ ಹುಡುಗ ಕೆಂಪು ದೀಪ ಮಿನುಗುವ ಒಂದನ್ನು ತೆಗೆದು ಮುಂದಿಟ್ಟ. "ಬ್ಲೂಟೂತ್ ಇದೆ ಸಾರ್, ಎಲ್ಲಾದಕ್ಕೂ ಆಗುತ್ತೆ." ಎಲ್ಲದಕ್ಕೂ ಆಗುವ ವಸ್ತು ಲೋಕದಲ್ಲಿ ಒಂದೂ ಇಲ್ಲ ಎಂಬುದು ಅಷ್ಟು ವರ್ಷ ಟೆಲಿಫೋನ್ ರಿಪೇರಿ ಮಾಡಿಸಿದ ನನಗೆ ಆಗ ಹೊಳೆಯಲಿಲ್ಲ.

ಮನೆಯಲ್ಲಿ ಮೊಮ್ಮಗ ಡಬ್ಬಿ ಬಿಚ್ಚಿದ. ಹೆಡ್‌ಸೆಟ್ಟನ್ನು ಪಕ್ಕಕ್ಕಿಟ್ಟು, ಖಾಲಿ ಡಬ್ಬಿಯನ್ನು ತಲೆಕೆಳಗು ಮಾಡಿ ತಟ್ಟಿ, ಸ್ಪಂಜಿನ ಗೂಡಿನೊಳಗೆಲ್ಲ ಬೆರಳಾಡಿಸಿ ಕೇಳಿದ: "ಡಾಂಗಲ್ ಎಲ್ಲಿ ತಾತ?"

ಡಾಂಗಲ್ ಎಂದರೆ ಹೆಬ್ಬೆರಳಿನ ಉಗುರಿನಷ್ಟೋ ಬೆರಳಿನಷ್ಟೋ ಇರುವ ಯುಎಸ್‌ಬಿ ಕಡ್ಡಿ. ಕನ್ಸೋಲ್‌ಗೆ ಚುಚ್ಚಿದರೆ ಹೆಡ್‌ಸೆಟ್ಟಿಗೂ ಕನ್ಸೋಲಿಗೂ ಅದೇ ದಲ್ಲಾಳಿ. ನಾನು ತಂದ ಡಬ್ಬಿಯಲ್ಲಿ ಅದು ಇರಲಿಲ್ಲ. ಪ್ಲೇಸ್ಟೇಷನ್ 5 ಬ್ಲೂಟೂತ್ ಹೆಡ್‌ಸೆಟ್ಟನ್ನು ನೇರವಾಗಿ ಸೇರಿಸಿಕೊಳ್ಳುವುದೇ ಇಲ್ಲ. ತಮಾಷೆಯೆಂದರೆ ಅದರ ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಆ ಪೆಟ್ಟಿಗೆಯೊಂದಿಗೆ ಮಾತಾಡುವುದು ಬ್ಲೂಟೂತ್‌ನಲ್ಲೇ. ಕೈಗೆ ಬಾಗಿಲು ತೆರೆದಿದೆ, ಕಿವಿಗೆ ಮುಚ್ಚಿದೆ.

ಇದೇಕೆ ಹೀಗೆ ಎಂದು ಕೆದಕುತ್ತ ಹೋದಾಗ ನನಗೆ ಸಿಕ್ಕಿದ್ದು ನನ್ನ ಹಳೆಯ ಕಸುಬೇ. ಅಮೆರಿಕದಲ್ಲಿದ್ದ ಮಕ್ಕಳಿಗೆ ಐಎಸ್‌ಡಿ ಮಾಡುತ್ತಿದ್ದ ಕಾಲ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಕರೆ ಉಪಗ್ರಹದ ಮೂಲಕ ಹೋದರೆ, ಇಲ್ಲಿ "ಹಲೋ" ಅಂದ ಮೇಲೆ ಅಲ್ಲಿಂದ ಸದ್ದಿಲ್ಲ. ಕೇಳಿಸಲಿಲ್ಲವೇನೋ ಎಂದು ನಾವು ಇನ್ನೊಮ್ಮೆ "ಹಲೋ" ಅನ್ನುವಷ್ಟರಲ್ಲಿ ಅವರ "ಹಲೋ" ಬಂದು ಡಿಕ್ಕಿ ಹೊಡೆಯುತ್ತಿತ್ತು. ಆ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಹೋಗಿ ಇಳಿಯಲು ಸೆಕೆಂಡಿನ ಕಾಲು ಭಾಗ ಬೇಕು. ಸಾಧಾರಣ ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು ತಡವಾಗುವುದೂ ಹೆಚ್ಚುಕಡಿಮೆ ಅಷ್ಟೇ, 150ರಿಂದ 250 ಮಿಲಿಸೆಕೆಂಡು. ಟಿವಿಯಿಂದ ಸೋಫಾಕ್ಕೆ ಎಂಟು ಅಡಿ. ಆ ಎಂಟು ಅಡಿ ದಾಟಲು ಸದ್ದು ಆಕಾಶಕ್ಕೆ ಹೋಗಿ ಬಂದಷ್ಟು ಹೊತ್ತು ತೆಗೆದುಕೊಳ್ಳುತ್ತದೆ.

ದಾರಿ ದೂರವಾಗಿ ಆಗುವ ತಡ ಅಲ್ಲ ಇದು, ಮೂಟೆ ಕಟ್ಟಿ ಬಿಚ್ಚುವುದರಲ್ಲಿ ಆಗುವ ತಡ. ಬ್ಲೂಟೂತ್ ಸದ್ದನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಪೊಟ್ಟಣ ಕಟ್ಟಿ ಕಳಿಸುತ್ತದೆ. ಈ ಕಡೆ ಹೆಡ್‌ಫೋನು, ಮಧ್ಯೆ ಒಂದೆರಡು ಪೊಟ್ಟಣ ಕಳೆದುಹೋದರೂ ಹಾಡು ತುಂಡಾಗದಿರಲಿ ಎಂದು ಒಂದಷ್ಟನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಹಾಡಿಗೆ ಇದರಿಂದ ಏನೂ ನಷ್ಟವಿಲ್ಲ. ಸಿನಿಮಾ ನೋಡುವಾಗ ಫೋನು ಚಿತ್ರವನ್ನೂ ಅಷ್ಟೇ ತಡೆದು ತೋರಿಸಿ ಸರಿದೂಗಿಸುತ್ತದೆ. ಆಟದಲ್ಲಿ ಅದು ಆಗದ ಮಾತು. ಹುಡುಗ ಈಗ ಬಟನ್ ಒತ್ತಿದ್ದಾನೆ, ಗುಂಡು ಈಗಲೇ ಹಾರಬೇಕು. ಚಿತ್ರವನ್ನು ತಡೆದರೆ ಆಟವೇ ಹೋಯಿತು. ಹಾಗಾಗಿ ಚಿತ್ರ ಮುಂದೆ, ಸದ್ದು ಹಿಂದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ಈಚೆಯಿಂದ ನೋಡಿದ್ದೀರಾ? ಬಟ್ಟೆ ಕಲ್ಲಿಗೆ ಬಡಿದು ಮತ್ತೆ ಮೇಲೆದ್ದ ಮೇಲೆ "ಧಪ್" ಎಂದು ಕೇಳುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 200 ಮಿಲಿಸೆಕೆಂಡು ತಡವೆಂದರೆ ಆ ಕಲ್ಲು 68 ಮೀಟರ್ ಆಚೆ ಇದೆ ಎಂದಾಯಿತು. ವೈರಿಯ ಹೆಜ್ಜೆ ಸಪ್ಪಳ ಅಷ್ಟು ತಡವಾಗಿ ಬಂದರೆ, ಅದು ಕಿವಿಗೆ ಬೀಳುವ ಹೊತ್ತಿಗೆ ಮೊಮ್ಮಗ ಸತ್ತು ಮುಂದಿನ ಆಟಕ್ಕೆ ಕಾಯುತ್ತಿರುತ್ತಾನೆ.

ಕಡ್ಡಿ ಬಂದಿರುವುದು ಇದಕ್ಕೇ. ಅದೂ ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗವನ್ನೇ ಬಳಸುತ್ತದೆ. ಆದರೆ ಒಬ್ಬನೇ ತಯಾರಕ ಎರಡೂ ತುದಿಯನ್ನು ಮಾಡಿರುವುದರಿಂದ ಕೂಡಿಡುವ ಮೂಟೆ ಸಣ್ಣದು, ತಡ 20ರಿಂದ 40 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದೊಂದು ಚಿತ್ರ ಸುಮಾರು 17 ಮಿಲಿಸೆಕೆಂಡು ನಿಲ್ಲುತ್ತದೆ. ಹಾಗಾದರೆ ಒಂದೆರಡು ಚಿತ್ರದ ವ್ಯತ್ಯಾಸ. ಅಷ್ಟನ್ನು ಕಿವಿ ಕ್ಷಮಿಸುತ್ತದೆ.

ಬ್ಲೂಟೂತ್‌ಗೆ ಇನ್ನೊಂದು ತೊಡಕಿದೆ. ಅದು ನನಗೆ ನಗು ತರಿಸಿತು. ಹಾಡು ಕೇಳುವಾಗ ಚೆನ್ನಾಗಿರುವ ಹೆಡ್‌ಫೋನು, ಮೈಕ್ ಆನ್ ಮಾಡಿ ಮಾತಾಡಲು ಶುರುಮಾಡಿದ ಕೂಡಲೇ ಡಬ್ಬದೊಳಗಿಂದ ಕೇಳಿದ ಹಾಗೆ ಆಗುತ್ತದೆ. ನಿಮಗೂ ಅನುಭವ ಆಗಿರಬಹುದು. ಹಳೆಯ ಬ್ಲೂಟೂತ್ ಪದ್ಧತಿಯಲ್ಲಿ ಒಳ್ಳೆಯ ಸ್ಟೀರಿಯೊ ಸದ್ದು ಒಂದೇ ದಿಕ್ಕಿಗೆ ಹರಿಯುತ್ತದೆ. ಎರಡೂ ದಿಕ್ಕಿಗೆ ಮಾತು ಹೋಗಬೇಕಾದರೆ ಅದು ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಸದ್ದನ್ನು ಸೆಕೆಂಡಿಗೆ 8,000 ಸಲ ಅಳೆದು ಕಳಿಸುವ ಮಟ್ಟ ಅದು, ಹೆಚ್ಚೆಂದರೆ 16,000. ಈ 8,000 ನಮ್ಮದೇ ಲೆಕ್ಕ! ನಮ್ಮ ಡಿಜಿಟಲ್ ಎಕ್ಸ್‌ಚೇಂಜುಗಳು ಮಾತನ್ನು ಅಳೆಯುತ್ತಿದ್ದದ್ದು ಸೆಕೆಂಡಿಗೆ 8,000 ಸಲವೇ. ಕಿವಿಯ ಮೇಲೆ ಸಾವಿರಾರು ರೂಪಾಯಿಯ ಹೊಸ ಹೆಡ್‌ಸೆಟ್, ಒಳಗೆ ಕೇಳುವುದು ನಮ್ಮ ಹಳೆಯ ಟ್ರಂಕ್ ಕಾಲ್. ಇತ್ತೀಚೆಗೆ ಎಲ್‌ಇ ಆಡಿಯೊ ಎಂಬ ಹೊಸ ಬ್ಲೂಟೂತ್ ಪದ್ಧತಿ ಇದನ್ನು ಸರಿಪಡಿಸುತ್ತಿದೆ, ಆದರೆ ಎರಡೂ ತುದಿಯವರು ಅದನ್ನು ಬಲ್ಲವರಾಗಿರಬೇಕು.

ಇನ್ನು ಯಾವ ಪೆಟ್ಟಿಗೆಗೆ ಯಾವುದು ಎಂಬ ವಿಷಯ. ಪ್ಲೇಸ್ಟೇಷನ್ 4 ಅಥವಾ 5 ಇದ್ದರೆ ಕಡ್ಡಿಯಿರುವ ಹೆಡ್‌ಸೆಟ್ ನೋಡಿ. ಎಕ್ಸ್‌ಬಾಕ್ಸ್ ಇದ್ದರೆ ಇನ್ನೂ ಹುಷಾರಾಗಿರಬೇಕು. ಅದು ಬ್ಲೂಟೂತ್ ಹೆಡ್‌ಸೆಟ್ಟನ್ನೂ ಒಪ್ಪುವುದಿಲ್ಲ, ಪ್ಲೇಸ್ಟೇಷನ್‌ಗೆಂದು ಮಾಡಿದ ಕಡ್ಡಿಯನ್ನೂ ಒಪ್ಪುವುದಿಲ್ಲ. ಮೈಕ್ರೋಸಾಫ್ಟ್ ತನ್ನದೇ ಎಕ್ಸ್‌ಬಾಕ್ಸ್ ವೈರ್‌ಲೆಸ್ ಎಂಬ ಪದ್ಧತಿ ಇಟ್ಟುಕೊಂಡಿದೆ. ಆ ಹೆಸರು ಡಬ್ಬಿಯ ಮೇಲಿದ್ದರೆ ಕಡ್ಡಿಯೂ ಬೇಡ, ಕನ್ಸೋಲಿನ ಬಟನ್ ಒತ್ತಿ ನೇರ ಜೋಡಿಸಬಹುದು. ಇಲ್ಲದಿದ್ದರೆ ಎಕ್ಸ್‌ಬಾಕ್ಸ್‌ಗೆಂದೇ ಅನುಮತಿ ಪಡೆದ ಕಡ್ಡಿ ಬೇಕು. ಎರಡು ಮನೆಯ ಅಳಿಯನಂತೆ ಎರಡಕ್ಕೂ ಹೊಂದುವ, ಕಡ್ಡಿಯ ಮೇಲೇ ಪುಟ್ಟ ಸ್ವಿಚ್ ಇರುವ ಹೆಡ್‌ಸೆಟ್‌ಗಳೂ ಇವೆ. ನಿಂಟೆಂಡೊ ಸ್ವಿಚ್, ಅಂದರೆ ಹೊರದೇಶದಿಂದ ಬರುವ ನೆಂಟರು ಮಕ್ಕಳಿಗೆಂದು ತರುತ್ತಾರಲ್ಲ, ಅದು 2017ರಲ್ಲಿ ಬಂದಾಗ ಬ್ಲೂಟೂತ್ ಸದ್ದು ಇರಲೇ ಇಲ್ಲ. 2021ರ ಸೆಪ್ಟೆಂಬರಿನಲ್ಲಿ ಸಾಫ್ಟ್‌ವೇರ್ ಮೂಲಕ ಕೊಟ್ಟರು. ಕೊಟ್ಟಾಗಲೂ ಷರತ್ತು ಹಾಕಿದರು: ಹೆಡ್‌ಫೋನು ಹಾಕಿಕೊಂಡಿದ್ದರೆ ವೈರ್‌ಲೆಸ್ ಕಂಟ್ರೋಲರ್ ಎರಡೇ, ಬ್ಲೂಟೂತ್ ಮೈಕ್ ಕೆಲಸ ಮಾಡದು.

ಈಗ ಒಂದು ಗುಟ್ಟು. ಕೊಳ್ಳುವ ಆತುರ ಇಲ್ಲದವರು ಮೊದಲು ಇದನ್ನು ಮಾಡಿ ನೋಡಿ. ಪ್ಲೇಸ್ಟೇಷನ್ 5ರ ಕಂಟ್ರೋಲರಿನ ಕೆಳಗಡೆ, ಎಕ್ಸ್‌ಬಾಕ್ಸ್‌ನ ಈಚಿನ ಕಂಟ್ರೋಲರಿನ ಕೆಳಗಡೆ, ಒಂದು ದುಂಡನೆಯ ತೂತಿದೆ. ಹಳೆಯ ಫೋನಿನ ಜೊತೆ ಬಂದ ಇಯರ್‌ಫೋನು ಮೇಜಿನ ಡ್ರಾಯರಿನಲ್ಲಿ ಗಂಟುಬಿದ್ದು ಕೂತಿರುತ್ತದಲ್ಲ, ಅದನ್ನು ಬಿಡಿಸಿ ಇಲ್ಲಿ ಚುಚ್ಚಿ. ಆಟದ ಸದ್ದೂ ಬರುತ್ತದೆ, ಅದರ ಮೈಕಿನಲ್ಲಿ ಮಾತೂ ಹೋಗುತ್ತದೆ. ಕಂಟ್ರೋಲರಿನಿಂದ ಪೆಟ್ಟಿಗೆಗೆ ಮೊದಲೇ ತಂತಿಯಿಲ್ಲ. ಹಾಗಾಗಿ ತಂತಿ ಉಳಿಯುವುದು ಕಿವಿಯಿಂದ ಕೈವರೆಗೆ, ಎರಡು ಮೊಳ. ಅದನ್ನು ಚಾರ್ಜ್ ಮಾಡಬೇಕಿಲ್ಲ, ಜೋಡಿಸಬೇಕಿಲ್ಲ. ಕಂಟ್ರೋಲರಿನ ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಅಷ್ಟೆ. ನನ್ನ ಮೊಮ್ಮಗ ಎರಡು ತಿಂಗಳು ಇದರಲ್ಲೇ ಆಡಿದ. ಅವನ ಗೆಲುವು ಸೋಲಿನಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಅವನನ್ನು ಕೇಳಿದರೆ ಬೇರೆ ಉತ್ತರ ಬಂದೀತು.

ಆಮೇಲೆ ಕಡ್ಡಿಯಿರುವ ಹೆಡ್‌ಸೆಟ್ ಬಂತು. ಬಂದ ವಾರವೇ ಸದ್ದು ಆಗಾಗ ಕಟ್‌ಕಟ್ ಎನ್ನತೊಡಗಿತು. ನಮ್ಮ ಮನೆಯಲ್ಲಿ ಕನ್ಸೋಲ್ ಇರುವುದು ಶೋಕೇಸಿನ ಒಳಗೆ, ಸ್ಟೀಲಿನ ಟ್ರೋಫಿಗಳ ಹಿಂದೆ. ಕಡ್ಡಿಯನ್ನು ಚುಚ್ಚಿದ್ದು ಪೆಟ್ಟಿಗೆಯ ಬೆನ್ನಿಗೆ. ಅದರ ಪಕ್ಕದ ತೂತಿಗೇ ಹಾರ್ಡ್ ಡಿಸ್ಕ್. ವೇಗದ ಯುಎಸ್‌ಬಿ 3 ಜೋಡಣೆಗಳಿಂದ ಹೊರಡುವ ವಿದ್ಯುತ್ ಗದ್ದಲ ಇದೇ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆ ಬೀಳುತ್ತದೆ. ಅದೇ ಪಟ್ಟಿಯಲ್ಲಿ ಮನೆಯ ವೈ-ಫೈ ಇದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅಲ್ಲೇ ಇದೆ. ಇಷ್ಟು ಸಂತೆಯಲ್ಲಿ ಬ್ಲೂಟೂತ್ ಬದುಕಿರುವುದು ಸೆಕೆಂಡಿಗೆ 1,600 ಸಲ ಜಾಗ ಬದಲಿಸುತ್ತ, 79 ಓಣಿಗಳ ನಡುವೆ ನೆಗೆಯುತ್ತ ಹೋಗುವುದರಿಂದ. ಹೀಗೆ ನೆಗೆಯುತ್ತ ಹೋಗುವ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದ ಇಬ್ಬರಲ್ಲಿ ಒಬ್ಬಾಕೆ ಹಾಲಿವುಡ್ ನಟಿ ಹೆಡಿ ಲಮಾರ್. ಯುದ್ಧಕಾಲದಲ್ಲಿ ಟಾರ್ಪಿಡೊವನ್ನು ಶತ್ರುವಿನ ಅಡಚಣೆಯಿಲ್ಲದೆ ನಡೆಸುವುದಕ್ಕೆಂದು ಯೋಚಿಸಿದ್ದು. ಇರಲಿ. ನಾನು ಮಾಡಿದ್ದು ಇಷ್ಟೇ: ಕಡ್ಡಿಯನ್ನು ಮುಂದಿನ ತೂತಿಗೆ ಬದಲಿಸಿದೆ, ಟ್ರೋಫಿಗಳನ್ನು ಮೇಲಿನ ಹಲಗೆಗೆ ಏರಿಸಿದೆ. ಸದ್ದು ನೆಟ್ಟಗಾಯಿತು. ಮುಂದೆ ತೂತಿಲ್ಲದವರು ಅರ್ಧ ಅಡಿಯ ಎಕ್ಸ್‌ಟೆನ್ಷನ್ ತಂತಿಯಲ್ಲಿ ಕಡ್ಡಿಯನ್ನು ಹೊರಗೆ ಎಳೆದು ಇಡಬಹುದು.

ಇಂಥ ಸಾಧನ ಹೊರಡಿಸುವ ತರಂಗದ ಶಕ್ತಿ ಎಷ್ಟು ಗೊತ್ತೇ? ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿ ಅದನ್ನು ಆಕಾಶವಾಣಿ ಎಂದು ಕರೆದರಲ್ಲ, ಆ ಟ್ರಾನ್ಸ್‌ಮಿಟರ್ 30 ವ್ಯಾಟಿನದು. ಹತ್ತು ಮೀಟರ್ ವ್ಯಾಪ್ತಿಯ ಸಾಮಾನ್ಯ ಬ್ಲೂಟೂತ್ ಸಾಧನದ ಶಕ್ತಿ ಎರಡೂವರೆ ಮಿಲಿವ್ಯಾಟ್, ಅದರ 12,000ದಲ್ಲಿ ಒಂದು ಪಾಲು. ಇಷ್ಟು ಕ್ಷೀಣ ದನಿಗೆ ಅಡ್ಡ ಒಂದು ಸ್ಟೀಲ್ ಟ್ರೋಫಿ ನಿಂತರೂ ಕಷ್ಟವೇ.

ಡಬ್ಬಿಯ ಮೇಲೆ 7.1 ಸರೌಂಡ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಒಳಗೆ ಎಂಟು ಸ್ಪೀಕರ್ ಇದೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಇರುವುದು ಕಿವಿಗೊಂದರಂತೆ ಎರಡೇ. ಇರಲಿ, ನಮಗೆ ಕಿವಿಯೂ ಎರಡೇ ತಾನೇ? ರಾತ್ರಿ ದೀಪ ಆರಿಸಿದ ಮೇಲೆ ಬರುವ ಸೊಳ್ಳೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ನಾವು ಹೇಳುವುದು ಎರಡು ಕಿವಿಗೂ ಸದ್ದು ಮುಟ್ಟುವ ಹೊತ್ತು ಮತ್ತು ಜೋರಿನ ವ್ಯತ್ಯಾಸದಿಂದ. ಆ ಹೊತ್ತಿನ ವ್ಯತ್ಯಾಸ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಮುಂದೋ ಹಿಂದೋ ಎಂಬುದನ್ನು ಹೊರಗಿವಿಯ ಮಡಿಕೆಗಳು ಸದ್ದಿಗೆ ಮಾಡುವ ಸೂಕ್ಷ್ಮ ಬದಲಾವಣೆಯಿಂದ ಮಿದುಳು ಊಹಿಸುತ್ತದೆ. ಕನ್ಸೋಲ್ ಇದೇ ಬದಲಾವಣೆಗಳನ್ನು ಲೆಕ್ಕ ಹಾಕಿ ಸದ್ದಿಗೆ ಬೆರೆಸುತ್ತದೆ. ಪ್ಲೇಸ್ಟೇಷನ್ 5ರಲ್ಲಿ ಇದಕ್ಕೆ ಟೆಂಪೆಸ್ಟ್ ಎಂದು ಹೆಸರು. ಒಬ್ಬೊಬ್ಬರ ಕಿವಿಯ ಆಕಾರ ಒಂದೊಂದು ಥರ ಇರುವುದರಿಂದ ಸೆಟ್ಟಿಂಗ್ಸ್‌ನಲ್ಲಿ ಬೇರೆ ಬೇರೆ ಬಗೆ ಕೊಟ್ಟಿದ್ದಾರೆ. ಕಣ್ಣು ಮುಚ್ಚಿ ಒಂದೊಂದನ್ನೇ ಕೇಳಿ, ಸದ್ದು ಕಿವಿಯ ಮಟ್ಟದಲ್ಲೇ ಇದೆ ಅನ್ನಿಸಿದ್ದನ್ನು ಉಳಿಸಿಕೊಳ್ಳಬೇಕು. ಎಕ್ಸ್‌ಬಾಕ್ಸ್‌ನಲ್ಲಿ ವಿಂಡೋಸ್ ಸಾನಿಕ್ ಉಚಿತ, ಡಾಲ್ಬಿ ಅಟ್ಮಾಸ್‌ಗೆ ದುಡ್ಡು. ಕನ್ಸೋಲಿನ ಈ ಸೌಲಭ್ಯ ಹಾಕಿದ ಮೇಲೆ ಹೆಡ್‌ಸೆಟ್ಟಿನ 7.1 ಬಟನ್ ಆರಿಸಿಬಿಡಿ. ಎರಡೂ ಸೇರಿದರೆ ಸಾರಿಗೆ ಎರಡು ಸಲ ಉಪ್ಪು ಬಿದ್ದಂತೆ.

ಡಬ್ಬಿಯ ಮೇಲಿನ ಇನ್ನೊಂದು ಗೊಂದಲ ಎಎನ್‌ಸಿ ಮತ್ತು ಇಎನ್‌ಸಿ. ಎರಡನ್ನೂ ಅಂಗಡಿಯವರು "ನಾಯ್ಸ್ ಕ್ಯಾನ್ಸಲಿಂಗ್" ಎಂದೇ ಹೇಳುತ್ತಾರೆ. ಎಎನ್‌ಸಿ ಹೊರಗಿನ ಗದ್ದಲವನ್ನು ನಿಮ್ಮ ಕಿವಿಗೆ ಬಿಡುವುದಿಲ್ಲ. ಇಎನ್‌ಸಿ ನಿಮ್ಮ ಮನೆಯ ಗದ್ದಲವನ್ನು ಎದುರಿನವರ ಕಿವಿಗೆ ಬಿಡುವುದಿಲ್ಲ. ನಮ್ಮಂಥ ಮನೆಗಳಲ್ಲಿ ಹೆಚ್ಚು ಬೇಕಾದದ್ದು ಎರಡನೆಯದು. ಮೊಮ್ಮಗನ ಜೊತೆ ಹುಬ್ಬಳ್ಳಿಯಿಂದ ಆಡುವ ಹುಡುಗನೊಬ್ಬ ಒಂದು ದಿನ, "ನಿಮ್ಮನ್ಯಾಗ ಕುಕ್ಕರ್ ಐದ್ ಸಲ ಕೂಗ್ತಲೋ, ಇಳಿಸ್ರಿ" ಅಂದನಂತೆ. ಅಂದಿನಿಂದ ಮೈಕ್ ಮ್ಯೂಟ್ ಮಾಡುವುದು ಕಲಿತಿದ್ದಾನೆ. ಮೈಕಿನ ಕೋಲನ್ನು ಮೇಲಕ್ಕೆ ಮಡಚಿದರೆ ತಾನೇ ಮ್ಯೂಟ್ ಆಗುವಂಥದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಆಟದ ನಡುವೆ ಬಟನ್ ಹುಡುಕಲು ಯಾರಿಗೆ ಬಿಡುವಿರುತ್ತದೆ?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಗುಣ ಬೇರೆಯೇ ಇದೆ. ಅದರ ಹೆಸರು ಸೈಡ್‌ಟೋನ್. ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ತಯಾರಾದ ಆ ಭಾರದ ಕರಿ ಫೋನು ನೆನಪಿದೆಯೇ? ಅದರಲ್ಲಿ ಮಾತಾಡಿದರೆ ನಿಮ್ಮದೇ ದನಿ ಸಣ್ಣಗೆ ನಿಮ್ಮ ಕಿವಿಗೂ ಬರುತ್ತಿತ್ತು. ಅದು ದೋಷವಲ್ಲ, ಅಳತೆ ಮಾಡಿ ಇಟ್ಟದ್ದು. ನಮ್ಮ ದನಿ ನಮಗೆ ಕೇಳದಿದ್ದರೆ ನಾವು ಕಿರುಚುತ್ತೇವೆ. ಹೆಚ್ಚು ಕೇಳಿದರೆ ಪಿಸುಗುಡುತ್ತೇವೆ. ಎರಡು ಕಿವಿಯನ್ನೂ ಮೆತ್ತೆಯಿಂದ ಮುಚ್ಚುವ ಗೇಮಿಂಗ್ ಹೆಡ್‌ಸೆಟ್ ಹಾಕಿದ ಹುಡುಗ ರಾತ್ರಿ ಹತ್ತಕ್ಕೆ ಕೂಗಾಡುವುದು ಸೊಕ್ಕಿನಿಂದಲ್ಲ, ತನ್ನ ದನಿ ತನಗೆ ಕೇಳದೆ. ಸೈಡ್‌ಟೋನ್ ಇರುವ ಹೆಡ್‌ಸೆಟ್ ಮೈಕಿನ ದನಿಯನ್ನು ಸ್ವಲ್ಪ ಅವನ ಕಿವಿಗೆ ಮರಳಿಸುತ್ತದೆ. ಕೆಲವರು ಇದನ್ನು ಮೈಕ್ ಮಾನಿಟರಿಂಗ್ ಎಂದೂ ಬರೆಯುತ್ತಾರೆ. ಹೊಸ ಹೆಡ್‌ಸೆಟ್ಟಿನಲ್ಲಿ ಅದನ್ನು ಅರ್ಧಕ್ಕೆ ಇಟ್ಟ ದಿನದಿಂದ ಪಕ್ಕದ ಮನೆಯವರು ನಮ್ಮನ್ನು ನೋಡಿ ಮತ್ತೆ ನಗುತ್ತಿದ್ದಾರೆ. ಸೊಸೆ ಊಟಕ್ಕೆ ಕರೆದರೂ ಈಗ ಒಂದಿಷ್ಟು ಕೇಳುತ್ತದೆ, ಏಕೆಂದರೆ ಮೈಕು ಅವಳ ದನಿಯನ್ನೂ ಹಿಡಿಯುತ್ತದೆ. ನಮ್ಮ ಟ್ರಂಕ್ ಎಕ್ಸ್‌ಚೇಂಜಿನ ಹೆಣ್ಣುಮಕ್ಕಳ ಹೆಡ್‌ಸೆಟ್ಟಿಗೆ ಇದ್ದದ್ದು ಒಂದೇ ಕಿವಿ. ಇನ್ನೊಂದು ಕಿವಿ ಸೂಪರ್‌ವೈಸರಿಗೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಬ್ಯಾಟರಿ: ಸೋನಿಯ ಪಲ್ಸ್ 3ಡಿ ಹೆಡ್‌ಸೆಟ್ಟಿಗೆ ಕಂಪನಿ ಹೇಳಿದ್ದು 12 ಗಂಟೆ, ಆಮೇಲೆ ಬಂದ ಪಲ್ಸ್ ಎಲೀಟ್‌ಗೆ 30. ವಾರಾಂತ್ಯದ ಆಟಗಾರನಿಗೆ ಯಾವುದಾದರೂ ಸಾಕು. ಚಾರ್ಜ್ ಆಗುತ್ತಿರುವಾಗಲೂ ಕೆಲಸ ಮಾಡುತ್ತದೆಯೇ ಎಂದು ಕೇಳಿ. ತಿಂಗಳುಗಟ್ಟಲೆ ಬಳಸದಿದ್ದರೆ ಪೂರ್ತಿ ಖಾಲಿ ಬಿಡಬೇಡಿ, ಅರ್ಧ ತುಂಬಿಸಿ ಇಡಿ. ಕನ್ನಡಕದವರು ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡು ಕೂರಬೇಕು. ಕಡ್ಡಿ ಕಿವಿಯ ಮೇಲೆ ಒತ್ತುವುದು ಮೊದಲ ನಿಮಿಷದಲ್ಲಿ ಗೊತ್ತಾಗುವುದಿಲ್ಲ (ಇದು ಕನ್ನಡಕದ ಕಡ್ಡಿ, ಆ ಕಡ್ಡಿಯಲ್ಲ). ರೆಕ್ಸಿನ್ ಮೆತ್ತೆ ಬೆವರಿಗೆ ಸಿಪ್ಪೆ ಸುಲಿಯುತ್ತದೆ. ಬಟ್ಟೆಯ ಮೆತ್ತೆ ನಮ್ಮ ಸೆಕೆಗೆ ವಾಸಿ, ಬಿಚ್ಚಿ ಬದಲಿಸಲು ಬರುವಂತಿದ್ದರೆ ಇನ್ನೂ ವಾಸಿ.

ಆದರೆ ಒಂದನ್ನು ಬೇಗ ಹೇಳಿ ಮುಗಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರ ಕಿವಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ತಡೆಯಬಲ್ಲದು. ಮಕ್ಕಳಿಗೆ ಆ ಮಿತಿ 75. ಸದ್ದು ಮೂರು ಡೆಸಿಬೆಲ್ ಏರಿದರೆ ಗಂಟೆ ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್ ಆದರೆ ದೊಡ್ಡವರಿಗೂ ವಾರಕ್ಕೆ ನಾಲ್ಕೇ ಗಂಟೆ. ಹೆಜ್ಜೆ ಸಪ್ಪಳ ಕೇಳಬೇಕೆಂದು ಮಕ್ಕಳು ಸದ್ದು ಏರಿಸುತ್ತಾರೆ, ಅಷ್ಟರಲ್ಲಿ ಅದೇ ಕಿವಿಯಲ್ಲಿ ಬಾಂಬು ಸಿಡಿಯುತ್ತದೆ. ಹೆಚ್ಚಿನ ಆಟಗಳಲ್ಲಿ ಸಂಗೀತ, ಮಾತು, ಸಪ್ಪಳಗಳನ್ನು ಬೇರೆ ಬೇರೆಯಾಗಿ ಏರಿಳಿಸಬಹುದು. ಸಂಗೀತ ಇಳಿಸಿದರೆ ಸಪ್ಪಳ ತಾನೇ ಎದ್ದು ಕೇಳುತ್ತದೆ, ಒಟ್ಟು ಸದ್ದು ಏರಿಸಬೇಕಾಗಿಲ್ಲ. ಪೂರ್ಣ ಮಟ್ಟದ 60 ಪ್ರತಿಶತ ದಾಟದಿರಲಿ. ಆಟ ಮುಗಿಸಿ ಹೆಡ್‌ಸೆಟ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಎಂದರೆ ಅಂದಿನ ಆಟ ಹೆಚ್ಚಾಯಿತೆಂದೇ ತಿಳಿಯಬೇಕು. ಎಕ್ಸ್‌ಚೇಂಜಿನಲ್ಲಿ ಗದ್ದಲದ ಯಂತ್ರಗಳ ನಡುವೆ ಕಳೆದ ನನ್ನ ಬಲಗಿವಿ ಈಗ ಮಂದ. ಮೊಮ್ಮಗ ಎಡಗಡೆಯೇ ಕೂತು ಮಾತಾಡುತ್ತಾನೆ.

ನಾನು ತಂದ ಆ ಕೆಂಪು ದೀಪದ ಹೆಡ್‌ಸೆಟ್ ವ್ಯರ್ಥವಾಗಲಿಲ್ಲ. ಬೆಳಗಿನ ಹೊತ್ತು ಅದನ್ನು ಫೋನಿಗೆ ಜೋಡಿಸಿ ಆಕಾಶವಾಣಿಯ ವಾರ್ತೆ ಕೇಳುತ್ತೇನೆ. ವಾರ್ತೆ ಕಾಲು ಸೆಕೆಂಡು ತಡವಾಗಿ ಬಂದರೆ ಯಾರಿಗೂ ನಷ್ಟವಿಲ್ಲ. ನೀವು ಮಾತ್ರ ಅಂಗಡಿಗೆ ಹೊರಡುವ ಮುಂಚೆ ಮಗುವಿನ ಕನ್ಸೋಲಿನ ಪೂರ್ತಿ ಹೆಸರನ್ನು, ಅಂಕಿಯನ್ನೂ ಬಿಡದೆ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದೇ ಹೆಸರು ಹೆಡ್‌ಸೆಟ್ ಡಬ್ಬಿಯ ಮೇಲಿದೆಯೇ ಓದಿ. ಡಬ್ಬಿ ಬಿಚ್ಚಿಸಿ, ಕಡ್ಡಿ ಕಣ್ಣಿಗೆ ಬಿದ್ದ ಮೇಲೆ ದುಡ್ಡು ಕೊಡಿ. ಬಿಲ್ಲನ್ನು ಮರೆಯದೆ ತನ್ನಿ.